ವಿದ್ಯುದ್ವಾಹನದ ಏಳುಬೀಳುಗಳು

ವಿದ್ಯುಚ್ಛಕ್ತಿಯಿಂದ ನಡೆಯುವ ಮೋಟಾರು ಗಾಡಿಯು ಈ ಶತಮಾನದ ಹೊಸ ಸೃಷ್ಟಿಯೆಂಬುದು ಬಹುಜನರ ಎಣಿಕೆಯಾಗಿದೆ. ಚರಿತ್ರೆಯನ್ನು ಅವಲೋಕಿಸಿದರೆ ಸಂಗತಿಯು ಬೇರೆಯಾಗಿ ತೋರುವುದು. ಪೆಟ್ರೋಲ್ ಗಾಡಿಯು ಇನ್ನೂ ಶೈಶವದಲ್ಲಿದ್ದ ಕಾಲದಲ್ಲಿಯೇ ಈ ವಾಹನವು ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ನಗರಗಳ ಬೀದಿಗಳಲ್ಲಿ ಸಂಚರಿಸುತ್ತಿದ್ದಿತು. ಆಮೇಲೆ ಅದು ಮರೆಯಾಯಿತು, ಮತ್ತೆ ತಲೆಯೆತ್ತಿತು, ಮತ್ತೆ ಬಿದ್ದಿತು, ಈಗ ಮೂರನೆಯ ಬಾರಿ ಎದ್ದು ನಿಂತಿದೆ. ಈ ಏಳುಬೀಳುಗಳಿಗೆ ಯಂತ್ರದ ಗುಣದೋಷಗಳು ಮಾತ್ರವೇ ಕಾರಣವೋ, ಇಲ್ಲವೆ ಬೇರೊಂದು ಕಾರಣವೂ ಉಂಟೋ ಎಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಫ್ರಾನ್ಸ್ ದೇಶದ ಗಾಸ್ತೋಂ ಪ್ಲಾಂತೆ ಎಂಬ ವಿಜ್ಞಾನಿಯು 1859ರಲ್ಲಿ ಸೀಸದ ತಗಡುಗಳನ್ನೂ ಗಂಧಕಾಮ್ಲವನ್ನೂ ಉಪಯೋಗಿಸಿ, ಬರಿದಾದ ಮೇಲೆ ಮತ್ತೆ ತುಂಬಬಹುದಾದ ಬ್ಯಾಟರಿಯನ್ನು ನಿರ್ಮಿಸಿದನು. 1881ರಲ್ಲಿ ಗುಸ್ತಾವ್ ತ್ರೂವೆ ಎಂಬವನು ಪ್ಯಾರಿಸ್ಸಿನಲ್ಲಿ ವಿದ್ಯುತ್ತಿನ ಮೂರು ಚಕ್ರದ ಗಾಡಿಯನ್ನು ನಡೆಸಿ ತೋರಿಸಿದನು. 1899ರ ಏಪ್ರಿಲ್ ತಿಂಗಳಲ್ಲಿ ಬೆಲ್ಜಿಯಂ ದೇಶದ ಕಮೀಯ್ ಜೆನಾಟ್ಸಿಯು ವಿದ್ಯುತ್ತಿನ ಗಾಡಿಯಲ್ಲಿಯೇ ಕುಳಿತು ಗಂಟೆಗೆ 100 ಕಿಲೋಮೀಟರಿನ ವೇಗವನ್ನು ಮೀರಿದನು; ಅದುವರೆಗೆ ರಸ್ತೆಯ ಯಾವ ವಾಹನವೂ ಆ ವೇಗವನ್ನು ಮುಟ್ಟಿರಲಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1900ರಲ್ಲಿ ತಯಾರಾದ 4,192 ಮೋಟಾರು ಗಾಡಿಗಳ ಪೈಕಿ ಉಗಿಯವು 1,681, ವಿದ್ಯುತ್ತಿನವು 1,575. ಪೆಟ್ರೋಲಿನವು 936 ಮಾತ್ರ. ಆ ವರ್ಷದ ಲೆಕ್ಕವನ್ನು ನೋಡಿದವನು ಮುಂದಿನ ಕಾಲವು ಪೆಟ್ರೋಲಿನದೆಂದು ಹೇಳಲಾರದಿದ್ದನು.

ಹೀಗಿದ್ದರೂ ಇಪ್ಪತ್ತೈದು ವರ್ಷಗಳೊಳಗಾಗಿ ವಿದ್ಯುದ್ವಾಹನವು ಮೂಲೆಗೆ ಸರಿಯಿತು. ಇದಕ್ಕೆ ಹಲವು ಕಾರಣಗಳು ಒಂದುಗೂಡಿದವು. 1901ರಲ್ಲಿ ಟೆಕ್ಸಾಸ್ ಪ್ರಾಂತದ ಸ್ಪಿಂಡಲ್‌ಟಾಪಿನಲ್ಲಿ ತೈಲವು ಚಿಮ್ಮಿತು. 1908ರಲ್ಲಿ ಹೆನ್ರಿ ಫೋರ್ಡನು 850 ಡಾಲರಿಗೆ ಮಾರತೊಡಗಿದ ಗಾಡಿಯ ಬೆಲೆಯು 1925ರ ಹೊತ್ತಿಗೆ 260 ಡಾಲರಿಗೆ ಇಳಿಯಿತು. ಪೆಟ್ರೋಲ್ ಗಾಡಿಯನ್ನು ಕೈಯಿಂದ ತಿರುಗಿಸಿ ಹೊರಡಿಸಬೇಕಾಗಿದ್ದ ಕಷ್ಟವನ್ನು ಚಾರ್ಲ್ಸ್ ಕೆಟರಿಂಗನ ಉಪಕರಣವು 1912ರಲ್ಲಿ ಪರಿಹರಿಸಿತು. ಆ ಉಪಕರಣವು ಒಂದು ಪುಟ್ಟ ವಿದ್ಯುನ್ಮೋಟಾರೇ ಆಗಿದ್ದಿತೆಂಬುದು ಗಮನಾರ್ಹ. ವಿದ್ಯುತ್ತೇ ಪೆಟ್ರೋಲಿಗೆ ಕೈಕೊಟ್ಟು ಎಬ್ಬಿಸಿತು! ಇವೆಲ್ಲಕ್ಕಿಂತ ಪ್ರಬಲವಾದ ಕಾರಣವು ಇನ್ನೊಂದಿತ್ತು. ಪೆಟ್ರೋಲನ್ನು ಡಬ್ಬಿಯಲ್ಲಿ ತುಂಬಿ ಯಾವ ಹಳ್ಳಿಯ ಅಂಗಡಿಯಲ್ಲಾದರೂ ಮಾರಬಹುದಾಗಿತ್ತು. ವಿದ್ಯುತ್ತಾದರೋ ತಂತಿಯಿಲ್ಲದ ಊರಿಗೆ ಹೋಗಲಾರದು. ಅಮೆರಿಕದ ಹಳ್ಳಿಗಳಿಗೆ ಅಂದು ತಂತಿಯಿರಲಿಲ್ಲ. ಇಂಗ್ಲೆಂಡಿನ ಹಾಲಿನ ಗಾಡಿಗಳು ಮಾತ್ರ ಅನೇಕ ದಶಕಗಳ ಕಾಲ ವಿದ್ಯುತ್ತಿನಿಂದಲೇ ನಡೆದವು. ಅವು ದಿನವೂ ಗೊತ್ತಾದ ಬೀದಿಗಳಲ್ಲಿ ತಿರುಗಿ, ಗೊತ್ತಾದ ಕೊಟ್ಟಿಗೆಗೆ ಹಿಂದಿರುಗುತ್ತಿದ್ದವು. ತುಂಬುವ ಸ್ಥಳವು ನಿಶ್ಚಿತವಾಗಿದ್ದಲ್ಲಿ ಗಾಡಿಯು ಬದುಕಿತು, ಅನಿಶ್ಚಿತವಾಗಿದ್ದಲ್ಲಿ ಅಳಿಯಿತು.

ಎರಡನೆಯ ಉದಯವು ಕ್ಯಾಲಿಫೋರ್ನಿಯದಲ್ಲಿ ಆಯಿತು. ಲಾಸ್ ಏಂಜಲಿಸ್ ನಗರದ ಹೊಗೆಮಂಜಿನಿಂದ ಬೇಸತ್ತ ಆ ಪ್ರಾಂತದ ವಾಯು ಮಂಡಲಿಯು 1990ರಲ್ಲಿ ಒಂದು ಕಟ್ಟಳೆಯನ್ನು ವಿಧಿಸಿತು. ದೊಡ್ಡ ಕಂಪೆನಿಗಳು ಅಲ್ಲಿ ಮಾರುವ ಗಾಡಿಗಳ ಪೈಕಿ 1998ರಲ್ಲಿ ನೂರಕ್ಕೆ 2, 2001ರಲ್ಲಿ 5, 2003ರಲ್ಲಿ 10 ಸ್ವಲ್ಪವೂ ಹೊಗೆಯುಗುಳದವಾಗಿರಬೇಕೆಂಬುದೇ ಅದರ ತಾತ್ಪರ್ಯ. ಜನರಲ್ ಮೋಟಾರ್ಸ್ ಕಂಪೆನಿಯು 1996ರ ಕೊನೆಯಲ್ಲಿ ಇವಿ1 ಎಂಬ ಗಾಡಿಯನ್ನು ಹೊರತಂದು, ಮಾರದೆ, ಬಾಡಿಗೆಯ ಕರಾರಿನ ಮೇಲೆ ಮಾತ್ರ ಕೊಟ್ಟಿತು. ಆದರೆ ಅದೇ 1996ರಲ್ಲಿ ಮಂಡಲಿಯು ಮೊದಲ ವರ್ಷಗಳ ನಿಯಮವನ್ನು ಕೈಬಿಟ್ಟಿತು. ಅನಂತರ ಕಂಪೆನಿಗಳು ನ್ಯಾಯಾಲಯಕ್ಕೆ ಹೋದವು. 2003ರಲ್ಲಿ ಕಟ್ಟಳೆಯು ಇನ್ನಷ್ಟು ಸಡಿಲವಾಯಿತು. ಬೇಡಿಕೆ ಸಾಲದೆಂದು ಹೇಳಿ ಕಂಪೆನಿಯು ಗಾಡಿಗಳನ್ನು ಹಿಂದಕ್ಕೆ ತರಿಸಿ, ಹೆಚ್ಚಿನವನ್ನು ಜಜ್ಜಿ ಹಾಕಿಸಿತು. ಬೆಲೆ ಕೊಟ್ಟು ಕೊಳ್ಳುವೆವೆಂದು ಬೇಡಿದವರ ಮಾತೂ ನಡೆಯಲಿಲ್ಲ. ಬ್ಯಾಟರಿಯ ನ್ಯೂನತೆಗಳು ಆಗಲೂ ಇದ್ದವೆಂಬುದು ಸತ್ಯ. ಆದರೆ ಅವುಗಳನ್ನು ತಿದ್ದಲು ಬೇಕಾದ ಕಾಲಾವಕಾಶವನ್ನು ಕಟ್ಟಳೆಯ ಚಾಂಚಲ್ಯವು ಕಸಿದುಕೊಂಡಿತು.

ಅದೇ ಕ್ಯಾಲಿಫೋರ್ನಿಯದ ಅಮೆರಿಗಾನ್ ಸಂಸ್ಥೆಯೊಡನೆ ಬೆಂಗಳೂರಿನ ಮೈನಿ ಸಂಸ್ಥೆಯು 1994ರಲ್ಲಿ ಕೈಗೂಡಿಸಿತು. ಚೇತನ್ ಮೈನಿಯವರ ಮುಂದಾಳುತನದಲ್ಲಿ 2001ರಲ್ಲಿ ಬೆಂಗಳೂರಿನಿಂದ ರೇವಾ ಎಂಬ ಪುಟ್ಟ ಗಾಡಿಯು ಹೊರಟಿತು. ಮನೆಯ ಗೋಡೆಯ ಪ್ಲಗ್ಗಿನಿಂದಲೇ ತುಂಬಿಕೊಂಡು, ಒಮ್ಮೆ ತುಂಬಿದರೆ ಸುಮಾರು 80 ಕಿಲೋಮೀಟರು ಓಡುವ ಗಾಡಿ ಅದು. ಲಂಡನ್ ನಗರವು 2003ರಲ್ಲಿ ನಡುಪೇಟೆಗೆ ಬರುವ ವಾಹನಗಳ ಮೇಲೆ ದಿನಸುಂಕವನ್ನು ಹಾಕಿ ವಿದ್ಯುದ್ವಾಹನಗಳಿಗೆ ಅದರಿಂದ ಬಿಡುಗಡೆ ಕೊಟ್ಟಿದ್ದಿತು. ಆದುದರಿಂದ ರೇವಾ ಅಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಆದರವನ್ನು ಪಡೆಯಿತು. ಹಿತ್ತಲ ಗಿಡ ಮದ್ದಲ್ಲವೆಂಬಂತೆ ಸ್ವದೇಶದಲ್ಲಿ ಅದಕ್ಕೆ ಕೊಳ್ಳುವವರು ವಿರಳರಾದರು. ಗಾಡಿಯು ಕಿರಿದು, ಬೆಲೆಯು ಹಿರಿದು ಎಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇರಲಿಲ್ಲ. ಕೇಂದ್ರ ಸರ್ಕಾರವು 2010ರಲ್ಲಿ ಸಹಾಯಧನವನ್ನು ಕೊಡತೊಡಗಿ 2012ರ ಮಾರ್ಚಿಗೆ ನಿಲ್ಲಿಸಿಬಿಟ್ಟಿತು. ಮುಂದಿನ ಯೋಜನೆಯು ಜಾರಿಗೆ ಬಂದದ್ದು 2015ರಲ್ಲಿ. ನಡುವಣ ಮೂರು ವರ್ಷಗಳ ಕಾಲ ಈ ಹೊಸ ಉದ್ಯಮವು ಆಶ್ರಯವಿಲ್ಲದೆ ನಿಂತಿತು.

ಇದಕ್ಕೆ ಪ್ರತಿಯಾದ ದೃಷ್ಟಾಂತವು ನಾರ್ವೆ ದೇಶದ್ದು. ಅದು ತೈಲವನ್ನು ತೆಗೆದು ಪರದೇಶಗಳಿಗೆ ಮಾರುವ ರಾಜ್ಯ; ಆದರೂ 1990ರಲ್ಲಿ ವಿದ್ಯುದ್ವಾಹನಗಳ ಮೇಲಣ ಆಮದಿನ ತೆರಿಗೆಯನ್ನೂ, 2001ರಲ್ಲಿ ಮಾರಾಟದ ಮೇಲಣ ಮೌಲ್ಯವರ್ಧಿತ ತೆರಿಗೆಯನ್ನೂ ತೆಗೆದುಹಾಕಿತು. ಸರ್ಕಾರಗಳು ಬದಲಾದರೂ ಈ ನೀತಿಯು ಬಹುಕಾಲ ಬದಲಾಗಲಿಲ್ಲ. ದುಬಾರಿ ಗಾಡಿಗಳಿಗೆ 2023ರಿಂದ ತೆರಿಗೆ ಹಾಕಿದಾಗಲೂ ಜನರು ಹಿಂದೆಗೆಯಲಿಲ್ಲ. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು 89 ಪೂರ್ಣ ವಿದ್ಯುತ್ತಿನವು. ನಾರ್ವೆಯು ಧನಿಕ ದೇಶ, ಜನಸಂಖ್ಯೆ ಅಲ್ಪ, ವಿದ್ಯುತ್ತು ಬಹುಮಟ್ಟಿಗೆ ಜಲಪಾತಗಳದು. ಅದನ್ನು ಇಲ್ಲಿ ಹಾಗೆಯೇ ಅನುಕರಿಸಲಾಗದು. ಆದರೆ ಅಲ್ಲಿಯ ಸ್ಥೈರ್ಯಕ್ಕೆ ಹಣದ ವೆಚ್ಚ ಬೇಕಿಲ್ಲ.

ಭಾರತದಲ್ಲಿ ಮೂರನೆಯ ಉದಯವು ದ್ವಿಚಕ್ರ, ತ್ರಿಚಕ್ರಗಳ ಮೇಲೆ ಬಂದಿದೆ. ಕರ್ನಾಟಕವು 2017ರಲ್ಲಿ, ದೇಶದ ರಾಜ್ಯಗಳಲ್ಲಿ ಮೊದಲನೆಯದಾಗಿ, ವಿದ್ಯುದ್ವಾಹನ ನೀತಿಯನ್ನು ಪ್ರಕಟಿಸಿತು. ಕೇಂದ್ರವು 2019ರಲ್ಲಿ 10,000 ಕೋಟಿ ರೂಪಾಯಿಗಳ ಯೋಜನೆಯನ್ನು ಆರಂಭಿಸಿ, ದ್ವಿಚಕ್ರ ವಾಹನಗಳ ಸಹಾಯಧನದ ಮಿತಿಯನ್ನು 2023ರ ಜೂನ್ ತಿಂಗಳಲ್ಲಿ ಬೆಲೆಯ ನೂರಕ್ಕೆ 40ರಿಂದ 15ಕ್ಕೆ ಇಳಿಸಿತು. ಸಹಾಯಧನವು ಶಾಶ್ವತವಾಗಿರಲೆಂದು ಯಾರೂ ಕೇಳಲಾರರು. ಆದರೆ ಇಳಿಸುವುದಾದರೆ ವರ್ಷಗಳ ಮುಂಚೆಯೇ ಸಾರಿ, ಮೆಟ್ಟಿಲುಮೆಟ್ಟಿಲಾಗಿ ಇಳಿಸುವುದು ನ್ಯಾಯ.

ಉಳಿದಿರುವ ತೊಡಕುಗಳೂ ಲಘುವಾದವಲ್ಲ. ಗಾಡಿಗಳು ಹೆಚ್ಚದೆ ಚಾರ್ಜಿಂಗ್ ಕೇಂದ್ರಗಳು ಹೆಚ್ಚವು, ಕೇಂದ್ರಗಳು ಹೆಚ್ಚದೆ ಗಾಡಿಗಳು ಹೆಚ್ಚವು ಎಂಬುದು ತರ್ಕಶಾಸ್ತ್ರದ ಬೀಜಾಂಕುರನ್ಯಾಯವೇ ಸರಿ. ಸ್ವಂತ ಮನೆಯುಳ್ಳವನು ಅಂಗಳದಲ್ಲಿ ಗಾಡಿಯನ್ನು ತುಂಬಿಸಿಕೊಂಡಾನು. ಮೂರನೆಯ ಅಂತಸ್ತಿನ ಬಾಡಿಗೆದಾರನು ತಂತಿಯನ್ನು ಎಲ್ಲಿಂದ ಎಳೆದಾನು? ದೇಶದ ವಿದ್ಯುತ್ತಿನ ಬಹುಭಾಗವು ಇನ್ನೂ ಕಲ್ಲಿದ್ದಲಿನಿಂದ ಬರುತ್ತಿರುವುದರಿಂದ, ಬೀದಿಯ ಹೊಗೆಯು ವಿದ್ಯುದಾಗಾರದ ಚಿಮಣಿಗೆ ವರ್ಗವಾಗುವುದೆಂಬ ಆಕ್ಷೇಪಣೆಯೂ ಅರ್ಧ ಸತ್ಯವಾಗಿದೆ. ಕರ್ನಾಟಕಕ್ಕೆ ಈ ವಿಷಯದಲ್ಲಿ ಒಂದು ಅನುಕೂಲವುಂಟು. 1902ರಲ್ಲಿಯೇ ಶಿವನಸಮುದ್ರದ ಕಾವೇರಿಯ ನೀರಿನಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ ಈ ನಾಡು ಇಂದು ನೀರಿನೊಡನೆ ಬಿಸಿಲನ್ನೂ ಗಾಳಿಯನ್ನೂ ದುಡಿಸಿಕೊಳ್ಳುತ್ತಿದೆ. ಪೆಟ್ರೋಲಿನ ಮೇಲಣ ತೆರಿಗೆಯು ಸರ್ಕಾರಗಳ ಬೊಕ್ಕಸಕ್ಕೆ ದೊಡ್ಡ ಆಧಾರವಾಗಿರುವುದು ಇನ್ನೊಂದು ಸಂಕಟ. ಆ ಆದಾಯವು ಕುಗ್ಗಿದಾಗ ರಸ್ತೆಗಳ ವೆಚ್ಚವನ್ನು ಯಾರು ಹೊರಬೇಕೆಂಬುದನ್ನು ಮುಂದಾಗಿಯೇ ನಿರ್ಣಯಿಸಬೇಕಾಗುವುದು.

ನೂರಿಪ್ಪತ್ತು ವರ್ಷಗಳಿಗೂ ಮೀರಿದ ಈ ಚರಿತ್ರೆಯಲ್ಲಿ ಚಕ್ರಗಳೂ ಮೋಟಾರೂ ಒಮ್ಮೆಯೂ ಕೈಕೊಟ್ಟಿಲ್ಲ. ಕೈಕೊಟ್ಟದ್ದು ಒಂದು ಬಾರಿ ದಾರಿಯ ಪಕ್ಕದ ತಂತಿ, ಇನ್ನೊಂದು ಬಾರಿ ಆಳುವವರ ಮಾತು. ಬ್ಯಾಟರಿಯನ್ನು ವಿಜ್ಞಾನಿಗಳು ವರ್ಷವರ್ಷವೂ ಉತ್ತಮಗೊಳಿಸುತ್ತಿರುವರು. ಕೊಟ್ಟ ಮಾತು ಹತ್ತು ವರ್ಷಗಳವರೆಗೆ ನಿಲ್ಲುವಂತೆ ನೋಡಿಕೊಳ್ಳುವುದು ಮಾತ್ರ ವಿಜ್ಞಾನಿಗಳ ಕೆಲಸವಲ್ಲ. ಅದು ರಾಜ್ಯದ ಧರ್ಮ, ಮತ್ತು ಆ ರಾಜ್ಯವನ್ನು ಆರಿಸುವ ಪ್ರಜೆಗಳ ಧರ್ಮ.