ಗರಡಿಯ ಕಲ್ಲು, ಬೀಸುವ ಕಲ್ಲು: ಸ್ತ್ರೀಬಲದ ಚರಿತ್ರೆಗೊಂದು ಟಿಪ್ಪಣಿ

ಕುಷ್ಟಗಿ ತಾಲ್ಲೂಕಿನ ಹನುಮಸಾಗರದ ಹೆಸರಿನಲ್ಲಿಯೇ ಹನುಮನಿದ್ದಾನೆ. ಅವನ ಜನ್ಮಸ್ಥಳವೆಂದು ಜನ ನಂಬುವ ಅಂಜನಾದ್ರಿಯೂ ಇದೇ ಕೊಪ್ಪಳ ಜಿಲ್ಲೆಯ ಆನೆಗೊಂದಿಯ ಬಳಿಯಿದೆ. ಗರಡಿಮನೆಗಳ ಅಧಿದೈವವೂ ಅವನೇ. ಕೆಮ್ಮಣ್ಣು, ಸಾಮು, ಸಂಗ್ರಾಣಿ ಕಲ್ಲುಗಳ ಆ ಲೋಕವು ಬ್ರಹ್ಮಚರ್ಯದ ಕಟ್ಟಳೆಯಿಂದ ಸ್ತ್ರೀಯರನ್ನು ಹೊರಗಿರಿಸಿತು. ಆದರೆ ಈ ಮಾತು ಎಲ್ಲ ಕಾಲಕ್ಕೂ ಸಲ್ಲದು. ಅಚ್ಯುತರಾಯನ ಆಳ್ವಿಕೆಯಲ್ಲಿ (1529–1542) ವಿಜಯನಗರದ ವೃತ್ತಾಂತ ಬರೆದ ಪೋರ್ಚುಗೀಸನಾದ ನೂನಿಜ್, ಅರಮನೆಯ ಪರಿವಾರದಲ್ಲಿ ಕುಸ್ತಿಯಾಡುವ ಸ್ತ್ರೀಯರಿದ್ದುದನ್ನು ದಾಖಲಿಸಿದ್ದಾನೆ.

ಗರಡಿಯ ಹೊರಗೂ ಹೆಣ್ಣಿನ ತೋಳು ಕಲ್ಲಿನೊಡನೆಯೇ ಬಲಿಯಿತು. ಜೋಳ ಬೀಸುವ ಕಲ್ಲು, ಒರಳು, ಒನಕೆ, ಬಾವಿಯ ಹಗ್ಗಗಳು ಅವಳ ರಟ್ಟೆ, ಭುಜ, ಬೆನ್ನುಗಳನ್ನು ದಿನವೂ ಹುರಿಗೊಳಿಸಿದವು. ಗಂಡು ಕಲ್ಲೆತ್ತಿದರೆ ಸಾಹಸ. ಹೆಣ್ಣು ಕಲ್ಲು ತಿರುಗಿಸಿದರೆ ಮನೆಗೆಲಸ. ಅವನ ಮೈಕಟ್ಟು ಜಾತ್ರೆಯ ನೋಟಕ್ಕೆ ತೆರೆದುಕೊಂಡಿತು. ಅವಳದು ಸೆರಗಿನ ಮರೆಯಲ್ಲುಳಿಯಿತು. ಜಾನಪದ ಸಂಗ್ರಾಹಕರಾದ ನಾವೂ ಬೀಸುವ ಪದಗಳನ್ನು ಬರೆದುಕೊಂಡೆವು, ಬೀಸಿದ ತೋಳನ್ನು ಅಷ್ಟಾಗಿ ಗಮನಿಸಲಿಲ್ಲ.

2000ದಲ್ಲಿ ಮಹಿಳೆಯರ ಭಾರ ಎತ್ತುವ ಸ್ಪರ್ಧೆ ಒಲಿಂಪಿಕ್ಸ್ ಸೇರಿತು. ಆ ವರ್ಷವೇ ಸಿಡ್ನಿಯಲ್ಲಿ ನೆರೆಯ ಆಂಧ್ರದ ಕರ್ಣಂ ಮಲ್ಲೇಶ್ವರಿ ಒಟ್ಟು 240 ಕಿಲೋಗ್ರಾಂ ಎತ್ತಿ ಕಂಚು ಪಡೆದರು. ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಹೆಣ್ಣು ಹೊತ್ತ ಭಾರ ಅಲ್ಲಿ ತೂಕವಾಗಿ, ಸಾಧನೆಯಾಗಿ ಲೆಕ್ಕಕ್ಕೆ ಬಂದಿತು. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿದೆ. ಅದನ್ನು ತಿರುಗಿಸಿದ ಹಿರಿಯರು ಇರುವಾಗಲೇ ಅವರ ಹಾಡಿನೊಂದಿಗೆ ದೇಹಾನುಭವವನ್ನೂ ದಾಖಲಿಸುವುದು ಅಗತ್ಯವಾಗಿದೆ.