ಹೊಲದಿಂದ ಅಡುಗೆಮನೆಗೆ: ಒಂದು ಒಗ್ಗಟ್ಟಿನ ಚರಿತ್ರೆ



ಇಂದಿನ ಶಿವಾಜಿನಗರಕ್ಕೆ ಹಿಂದೆ ಬ್ಲ್ಯಾಕ್‌ಪಲ್ಲಿ ಎಂಬ ಹೆಸರಿದ್ದುದನ್ನು ಹಿರಿಯರು ಬಲ್ಲರು. ‘ಬಿಳಿ ಅಕ್ಕಿ ಹಳ್ಳಿ’ ಎಂಬುದೇ ಅದರ ಮೂಲವೆಂಬ ಪ್ರತೀತಿಯುಂಟು. ಅದು ನಿಜವಾದರೆ, ಇಂದು ನಾವು ಅಕ್ಕಿ ಕೊಂಡು ತರುವ ನೆಲವೇ ಒಂದು ಕಾಲಕ್ಕೆ ಅಕ್ಕಿ ಬೆಳೆದ ನೆಲ. 1809ರಲ್ಲಿ ದಂಡು ನೆಲೆಯೂರಿದ ಮೇಲೆ ಉಣ್ಣುವವರು ಹೆಚ್ಚಿದರು, ಹೊಲಗಳು ದೂರ ಸರಿದವು. 1927ರಲ್ಲಿ ರಸೆಲ್ ಮಾರುಕಟ್ಟೆಯ ಕಟ್ಟಡ ತಲೆಯೆತ್ತಿತು. ಆದರೆ ಕಟ್ಟಡವೊಂದೇ ಬೆಳೆದವನಿಗೂ ಉಣ್ಣುವವನಿಗೂ ನ್ಯಾಯ ದೊರಕಿಸಲಾರದು.

ಒಂದಾಗಿ ದುಡಿಯುವ ಪ್ರಯತ್ನ ನಮ್ಮ ಮೂಡಣ ದಿಕ್ಕಿಗೆ ಹೊಸದಲ್ಲ. ಶಿವಾಜಿನಗರದ ಸಂತ ಮರಿಯಮ್ಮನವರ ದೇವಾಲಯ ಅಭಿಷಿಕ್ತವಾದ 1882ರಲ್ಲಿಯೇ, ಮೈಸೂರಿನ ಮಹಾರಾಜರು ದಯಪಾಲಿಸಿದ 3,900 ಎಕರೆ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ ಸಂಘವು ಕೃಷ್ಣರಾಜಪುರದ ಆಚೆ ವೈಟ್‌ಫೀಲ್ಡಿನ ಕೃಷಿ ನೆಲೆಯನ್ನು ಆರಂಭಿಸಿತು. ಬೆಳೆಯಲು ಒಂದಾದರೆ ಸಾಲದು, ಮಾರಲೂ ಒಂದಾಗಬೇಕು.

ದ್ರಾಕ್ಷಿ ಬೆಳೆದವನ ಪಾಡನ್ನು ನೆನೆಯಿರಿ. ಕೊಯ್ದ ಹಣ್ಣು ಕಾಯುವುದಿಲ್ಲ. ಸಂಜೆಯೊಳಗೆ ದಲ್ಲಾಳಿ ಹೇಳಿದ್ದೇ ಬೆಲೆ. ಈ ಕಟ್ಟನ್ನು ಬಿಡಿಸಲು ತೋಟಗಾರಿಕೆಯ ನಿರ್ದೇಶಕರಾಗಿದ್ದ ಡಾ. ಎಂ. ಎಚ್. ಮರಿಗೌಡರ ಪ್ರಯತ್ನದಿಂದ 1959ರ ಸೆಪ್ಟೆಂಬರಿನಲ್ಲಿ ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಮುಂದೆ ಎಲ್ಲ ಹಣ್ಣು ತರಕಾರಿಗಳಿಗೂ ವಿಸ್ತರಿಸಿ, 1987ರಲ್ಲಿ ಹಾಪ್‌ಕಾಮ್ಸ್ ಎಂಬ ಹೆಸರು ಪಡೆಯಿತು. ಸದಸ್ಯ ರೈತನು ತಂದ ಮಾಲನ್ನು ತೂಗಿ, ಆಯಾ ದಿನದ ದರದಲ್ಲಿ ಕೊಂಡು, ಬಡಾವಣೆಗಳ ಮಳಿಗೆಗಳಲ್ಲಿ ಮಾರುವುದು ಇದರ ಕ್ರಮ. ದರವು ಹಲಗೆಯ ಮೇಲೆ ಬರೆದಿರುವುದರಿಂದ ಚೌಕಾಸಿ ಬಾರದ ಬಡ ಗೃಹಿಣಿಗೂ ಮೋಸವಿಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಇದರ ವಾಹನಗಳು ಬೀದಿಬೀದಿಗೆ ತರಕಾರಿ ತಂದುದನ್ನು ನಾವು ಮರೆಯಲಾರೆವು.

ಆದರೆ ಇಂದು ಕೆಲವು ಮಳಿಗೆಗಳು ಮುಚ್ಚಿವೆ. ತೋಟಗಳಿದ್ದಲ್ಲಿ ಬಹುಮಹಡಿ ಮನೆಗಳೆದ್ದಿವೆ. ತರಕಾರಿ ಮೊಬೈಲಿನ ಮೂಲಕ ಬಾಗಿಲಿಗೇ ಬರುತ್ತದೆ. ಬೆಳೆದವನ ಮುಖ ಮಾತ್ರ ಕಾಣುವುದಿಲ್ಲ. ಸಹಕಾರವೆಂಬುದು ಒಮ್ಮೆ ಕಟ್ಟಿ ಬಿಡುವ ಗೋಡೆಯಲ್ಲ. ಮಾರುವವನೂ ಕೊಳ್ಳುವವನೂ ಪ್ರತಿದಿನ ನೀರೆರೆಯಬೇಕಾದ ಬಳ್ಳಿ.

ಮಂಗಳೂರಿನಿಂದ ಬಂದು ನೆಲೆಸಿದ ನಮ್ಮ ಬಾಂಧವರು ಸೆಪ್ಟೆಂಬರ್ 8ರಂದು ಹೊಸ ತೆನೆಯನ್ನು ಆಶೀರ್ವದಿಸಿಕೊಂಡು ಮನೆಗೊಯ್ಯುವರು. ಆ ತೆನೆಯ ಹಿಂದೆ ಒಬ್ಬ ರೈತನಿದ್ದಾನೆ. ಶತಮಾನ ಕಂಡ ಈ ದೇವಾಲಯದ ಮಕ್ಕಳಾದ ನಾವು ಸಂತೆಚೀಲ ಹಿಡಿದು ಹೊರಡುವಾಗಲೂ ಅವನನ್ನು ನೆನೆಯೋಣ. ಸಮೀಪದ ಸಹಕಾರಿ ಮಳಿಗೆ ಇನ್ನೂ ತೆರೆದಿದ್ದರೆ, ಅದರ ಮುಂದೆ ಒಮ್ಮೆ ನಿಲ್ಲೋಣ.