ಭಾಗಾಕಾರದ ಇತಿಹಾಸ

ಅಂಕಗಣಿತದ ನಾಲ್ಕು ಮೂಲಕ್ರಿಯೆಗಳಲ್ಲಿ ಶಾಲೆಯ ಮಕ್ಕಳು ಕೊನೆಗೆ ಕಲಿಯುವುದು ಭಾಗಾಕಾರ. ಭಾಗಿಸಬೇಕಾದ ಸಂಖ್ಯೆ ಭಾಜ್ಯ, ಯಾವುದರಿಂದ ಭಾಗಿಸುತ್ತೇವೋ ಅದು ಭಾಜಕ, ಬಂದ ಉತ್ತರ ಭಾಗಲಬ್ಧ, ಮಿಕ್ಕದ್ದು ಶೇಷ. ಭಾಜಕವನ್ನು ಭಾಗಲಬ್ಧದಿಂದ ಗುಣಿಸಿ ಶೇಷವನ್ನು ಕೂಡಿದರೆ ಭಾಜ್ಯ ಮರಳಿ ಬರಬೇಕು. ತಾಳೆ ನೋಡುವುದು ಹೀಗೆಯೇ. ಕೂಡುವುದಕ್ಕೂ ಕಳೆಯುವುದಕ್ಕೂ ಗುಣಿಸುವುದಕ್ಕೂ ಮಗ್ಗಿ, ದಶಕ ಗೊತ್ತಿದ್ದರೆ ಸಾಕು, ಕೈ ತಾನಾಗಿ ಓಡುತ್ತದೆ. ಭಾಗಿಸುವಾಗ ಮಾತ್ರ ಪ್ರತಿ ಹೆಜ್ಜೆಯಲ್ಲೂ ‘ಎಷ್ಟು ಸಲ ಹೋಗುತ್ತದೆ’ ಎಂದು ಅಂದಾಜು ಮಾಡಬೇಕು, ಗುಣಿಸಿ ನೋಡಬೇಕು, ಹೆಚ್ಚಾದರೆ ಅಳಿಸಿ ಒಂದು ಕಡಿಮೆ ಹಾಕಬೇಕು. ಈ ಅಂದಾಜಿನಿಂದ ತಪ್ಪಿಸಿಕೊಳ್ಳಲು, ಆಗದಿದ್ದರೆ ಅದನ್ನು ಪಳಗಿಸಲು ಜನ ಕಂಡುಕೊಂಡ ಉಪಾಯಗಳೇ ಭಾಗಾಕಾರದ ಇತಿಹಾಸದ ಬಹುಭಾಗ.

ಒಂದೇ ಲೆಕ್ಕದ ಹಿಂದೆ ಎರಡು ಬೇರೆ ಪ್ರಶ್ನೆಗಳಿರುತ್ತವೆ. 12 ಲೀಟರ್ ಹಾಲನ್ನು 3 ಮನೆಗೆ ಸಮನಾಗಿ ಕೊಟ್ಟರೆ ಒಂದು ಮನೆಗೆ ಎಷ್ಟು ಎನ್ನುವುದು ಹಂಚಿಕೆ. 12 ಲೀಟರನ್ನು 3 ಲೀಟರಿನ ಕ್ಯಾನುಗಳಿಗೆ ತುಂಬಿದರೆ ಎಷ್ಟು ಕ್ಯಾನು ಬೇಕು ಎನ್ನುವುದು ಅಳತೆ. ಎರಡಕ್ಕೂ ಉತ್ತರ 4. ಆದರೆ ಭಿನ್ನರಾಶಿ ಬಂದೊಡನೆ ಹಂಚಿಕೆಯ ಅರ್ಥ ಕೈಕೊಡುತ್ತದೆ: 6 ಲೀಟರನ್ನು ‘ಅರ್ಧ ಮನೆ’ಗೆ ಹಂಚುವುದೆಂದರೆ ಏನು? 6 ಲೀಟರಿನಲ್ಲಿ ಅರ್ಧ ಲೀಟರಿನ ಪ್ಯಾಕೆಟ್ ಎಷ್ಟು ಎಂದು ಕೇಳಿದರೆ 12 ಎಂದು ಮಕ್ಕಳೂ ಹೇಳುತ್ತಾರೆ. ಭಾಗಿಸಿದರೆ ಸಂಖ್ಯೆ ಚಿಕ್ಕದಾಗಲೇಬೇಕು ಎಂಬ ನಂಬಿಕೆ ಮಕ್ಕಳಲ್ಲಿ ಉಳಿದುಬಿಡುವುದಕ್ಕೆ ಶಾಲೆಗಳಲ್ಲಿ ಹಂಚಿಕೆಯನ್ನೇ ಹೆಚ್ಚಾಗಿ ಹೇಳಿಕೊಡುವುದು ಒಂದು ಕಾರಣವಿರಬೇಕು.

ಈಜಿಪ್ಟಿನ ಲೆಕ್ಕಿಗರು ಭಾಗಾಕಾರವನ್ನು ಬೇರೆ ಕ್ರಿಯೆಯೆಂದೇ ಎಣಿಸಿದಂತಿಲ್ಲ. ಕ್ರಿ.ಪೂ. 1550ರ ಸುಮಾರಿಗೆ ಆಹ್ಮೆಸ್ ಎಂಬ ಲಿಪಿಕಾರ ನಕಲು ಮಾಡಿದ ರಿಂಡ್ ಪಪೈರಸ್ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರ 24ನೆಯ ಲೆಕ್ಕದಲ್ಲಿ 19ನ್ನು 8ರಿಂದ ಭಾಗಿಸಬೇಕಾಗುತ್ತದೆ. ಅಲ್ಲಿ 8ನ್ನು ಇಮ್ಮಡಿಸಿ 16 ಮಾಡುತ್ತಾರೆ. ಬಳಿಕ 8ರ ಅರ್ಧ 4, ಕಾಲು 2, ಅರೆಕಾಲು 1. 16, 2, 1 ಕೂಡಿದರೆ 19. ಆದ್ದರಿಂದ ಉತ್ತರ ಎರಡು, ಕಾಲು, ಅರೆಕಾಲು. ಇಲ್ಲಿ ಅಂದಾಜಿಗೆ ಕೆಲಸವೇ ಇಲ್ಲ, ಇಮ್ಮಡಿಸಲೂ ಅರ್ಧ ಮಾಡಲೂ ಬಂದರೆ ಆಯಿತು. ಅದೇ ಪಪೈರಸ್ಸಿನ ಮೊದಲ ಲೆಕ್ಕಗಳು 10 ಜನರಿಗೆ ರೊಟ್ಟಿ ಹಂಚುವುದಕ್ಕೆ ಸಂಬಂಧಿಸಿದವು. 7 ರೊಟ್ಟಿಯಾದರೆ ಒಬ್ಬೊಬ್ಬರಿಗೆ ಮೂರರಲ್ಲಿ ಎರಡು ಪಾಲು, ಜೊತೆಗೆ ಮೂವತ್ತರಲ್ಲಿ ಒಂದು ಪಾಲು.

ಬ್ಯಾಬಿಲೋನಿಯದವರ ದಾರಿ ಇನ್ನೂ ಜಾಣತನದ್ದು. ಅವರ ಎಣಿಕೆ 60ರ ಮೇಲೆ ನಿಂತದ್ದು. ಭಾಜಕಗಳ ವ್ಯುತ್ಕ್ರಮಗಳನ್ನು ಮಣ್ಣಿನ ಹಲಗೆಯ ಮೇಲೆ ಕೋಷ್ಟಕವಾಗಿ ಬರೆದಿಟ್ಟುಕೊಂಡಿದ್ದರು: 2ಕ್ಕೆ 30, 3ಕ್ಕೆ 20, 4ಕ್ಕೆ 15, 5ಕ್ಕೆ 12. ಐದರಿಂದ ಭಾಗಿಸಬೇಕೆಂದರೆ 12ರಿಂದ ಗುಣಿಸಿ ಒಂದು ಸ್ಥಾನ ಸರಿಸಿದರೆ ಮುಗಿಯಿತು. 7ರ ವ್ಯುತ್ಕ್ರಮ ಈ ಪದ್ಧತಿಯಲ್ಲಿ ಎಲ್ಲೂ ಮುಗಿಯದ ಕಾರಣ ಸಾಮಾನ್ಯ ಕೋಷ್ಟಕಗಳು 6 ಆದ ಮೇಲೆ 8ಕ್ಕೆ ಜಿಗಿಯುತ್ತವೆ. ಚೀನಾದಲ್ಲಿ ಎಣಿಕೆಯ ಕಡ್ಡಿಗಳನ್ನು ಮೇಲೆ ಭಾಗಲಬ್ಧ, ನಡುವೆ ಭಾಜ್ಯ, ಕೆಳಗೆ ಭಾಜಕ ಎಂದು ಮೂರು ಸಾಲಿನಲ್ಲಿ ಜೋಡಿಸುತ್ತಿದ್ದರು. ‘ಸುನ್‌ಜಿ ಸುವಾನ್‌ಜಿಂಗ್’ ಎಂಬ ಗ್ರಂಥ ಈ ಕ್ರಮವನ್ನು ವಿವರಿಸುತ್ತದೆ.

ಆರ್ಯಭಟನು 499ರ ‘ಆರ್ಯಭಟೀಯ’ದಲ್ಲಿ ವರ್ಗಮೂಲ, ಘನಮೂಲಗಳನ್ನು ತೆಗೆಯುವ ವಿಧಾನ ಹೇಳಿದ್ದಾನೆ, ಭಾಗಾಕಾರದ ವಿಧಾನ ಹೇಳಿಲ್ಲ. ಆ ಎರಡೂ ಮೂಲಗಳನ್ನು ತೆಗೆಯಲು ಭಾಗಿಸುವುದು ಬರಲೇಬೇಕಾದ್ದರಿಂದ, ಅದು ಓದುಗನಿಗೆ ಮೊದಲೇ ಗೊತ್ತಿದೆಯೆಂದು ಅವನು ಭಾವಿಸಿದ್ದ ಎನ್ನಬೇಕು. ಸೂತ್ರವಾಗಿ ಅದು ಸ್ಪಷ್ಟವಾಗಿ ಸಿಗುವ ಗ್ರಂಥಗಳಲ್ಲಿ ಒಂದು ಕನ್ನಡ ನಾಡಿನದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ವಿದ್ವಾಂಸ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ವದು. ಭಾಜ್ಯ ಭಾಜಕಗಳಿಗೆ ಸಮಾನ ಅಪವರ್ತನವಿದ್ದರೆ ಮೊದಲು ಅದನ್ನು ತೆಗೆದುಹಾಕಿ ಆಮೇಲೆ ಭಾಗಿಸು ಎಂಬುದು ಅಲ್ಲಿನ ಸಲಹೆ. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯನೂ ಇದನ್ನೇ ಹೇಳುತ್ತಾನೆ. ಅವನ ಉದಾಹರಣೆ 1620ನ್ನು 12ರಿಂದ ಭಾಗಿಸುವುದು: ಮೂರರಿಂದ ಇಳಿಸಿದರೆ 540ನ್ನು 4ರಿಂದ, ನಾಲ್ಕರಿಂದ ಇಳಿಸಿದರೆ 405ನ್ನು 3ರಿಂದ ಭಾಗಿಸಿದರಾಯಿತು. 12ರ ಮಗ್ಗಿಯ ಬದಲು 3ರ ಮಗ್ಗಿ! ಅಂದಾಜು ಅಷ್ಟರಮಟ್ಟಿಗೆ ಹಗುರ. ಕನ್ನಡದಲ್ಲೇ ಗಣಿತ ಬರೆದ ಮೊದಲಿಗರಲ್ಲಿ ಒಬ್ಬನಾದ ರಾಜಾದಿತ್ಯನೂ ಆ ಶತಮಾನದವನೇ, ‘ವ್ಯವಹಾರಗಣಿತ’ದ ಕರ್ತೃ.

ಬರೆಯುತ್ತಿದ್ದದ್ದು ಧೂಳು ಹರಡಿದ ಹಲಗೆಯ ಮೇಲೆ. ಪಾಟೀಗಣಿತ ಎಂಬ ಹೆಸರು ಬಂದದ್ದೂ ಅದರಿಂದಲೇ. 1620ರ ಕೆಳಗೆ, 16ಕ್ಕೆ ಸರಿಯಾಗಿ, 12 ಬರೆ. ಒಂದು ಸಲ ಹೋಗುತ್ತದೆ. 16 ಅಳಿಸಿ 4 ಇಡು. ಈಗ ಉಳಿದದ್ದು 420. 12ನ್ನು ಬಲಕ್ಕೆ ಒಂದು ಮನೆ ಸರಿಸು. 42ರಲ್ಲಿ ಮೂರು ಸಲ, ಉಳಿದದ್ದು 60. ಮತ್ತೆ ಸರಿಸು, ಐದು ಸಲ. ಉತ್ತರ 135. ಅಂದಾಜು ತಪ್ಪಿದರೆ ಬೆರಳಿನಿಂದ ಒರೆಸಿದರಾಯಿತು.

ಸೊನ್ನೆಯಿಂದ ಭಾಗಿಸುವ ಪ್ರಶ್ನೆಯನ್ನು ಎತ್ತಿಕೊಂಡ ಹಿರಿಮೆಯೂ ಈ ಪರಂಪರೆಯದು, ಉತ್ತರಗಳು ಮಾತ್ರ ಒಂದರಂತೆ ಇನ್ನೊಂದಿಲ್ಲ. 628ರಲ್ಲಿ ಬ್ರಹ್ಮಗುಪ್ತ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದ. ಬೇರೆ ಸಂಖ್ಯೆಯಾದರೆ ಸೊನ್ನೆಯನ್ನೇ ಛೇದವಾಗಿ ಹೊತ್ತ ಭಿನ್ನರಾಶಿಯಾಗಿ ಬಿಟ್ಟ. ಸಂಖ್ಯೆ ಇದ್ದಂತೆಯೇ ಉಳಿಯುತ್ತದೆ ಎಂದು ಮಹಾವೀರಾಚಾರ್ಯ ಹೇಳಿದ, ಅದು ತಪ್ಪು. ಭಾಸ್ಕರಾಚಾರ್ಯ ಅದನ್ನು ‘ಖಹರ’ ಎಂದು ಕರೆದು, ಎಷ್ಟು ಕೂಡಿದರೂ ಕಳೆದರೂ ಬದಲಾಗದ ಅನಂತ ಎಂದ. ಇಂದಿನ ಗಣಿತ ಈ ಕ್ರಿಯೆಗೆ ಅರ್ಥವೇ ಇಲ್ಲ ಎನ್ನುತ್ತದೆ: 5ನ್ನು ಸೊನ್ನೆಯಿಂದ ಭಾಗಿಸಿದೆವೆನ್ನಿ, ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೂ 5 ಮರಳಿ ಬರುವುದಿಲ್ಲ.

ಭಾರತದ ಅಂಕಿಗಳ ಜೊತೆ ಧೂಳುಹಲಗೆಯ ಈ ವಿಧಾನ ಅಲ್ ಖ್ವಾರಿಜ್ಮಿಯಂಥವರ ಮೂಲಕ ಪಶ್ಚಿಮಕ್ಕೆ ಹೋಯಿತು. ಕಾಗದದ ಮೇಲೆ ಶಾಯಿಯಲ್ಲಿ ಬರೆದದ್ದನ್ನು ಒರೆಸಲಾಗದು. 10ನೆಯ ಶತಮಾನದಲ್ಲಿ ದಮಾಸ್ಕಸ್ಸಿನ ಅಲ್ ಉಕ್ಲಿದಿಸಿ ಅಳಿಸದೆ ಲೆಕ್ಕ ಮಾಡುವ ಬಗೆಗಳನ್ನು ವಿವರಿಸಿದ. ಯೂರೋಪಿನಲ್ಲಿ ಅಂಕಿಗಳನ್ನು ಹೊಡೆದುಹಾಕುತ್ತ ಮೇಲೆ ಕೆಳಗೆ ಬರೆಯುತ್ತ ಹೋಗುವ ರೂಢಿ ಬೆಳೆಯಿತು. ಮುಗಿದ ಲೆಕ್ಕದ ಆಕಾರ ಹಾಯಿಹಡಗಿನಂತೆ ಕಂಡದ್ದರಿಂದ ಅದಕ್ಕೆ ಹಡಗಿನ ಹೆಸರೇ ಅಂಟಿತು. ಈಗ ಶಾಲೆಯಲ್ಲಿ ಕಲಿಸುವ ದೀರ್ಘ ಭಾಗಾಕಾರ ಅಚ್ಚಿನಲ್ಲಿ ಮೊದಲು ಕಂಡದ್ದು 1491ರಲ್ಲಿ, ಫ್ಲಾರೆನ್ಸಿನ ಫಿಲಿಪ್ಪೊ ಕಲಾಂದ್ರಿಯ ಪುಸ್ತಕದಲ್ಲಿ. ಅದರಲ್ಲಿ ಪ್ರತಿ ಶೇಷವೂ ಕಣ್ಣೆದುರು ಉಳಿಯುವುದರಿಂದ ತಪ್ಪು ಹುಡುಕುವುದು ಸುಲಭ. ಆದರೂ ಹಡಗಿನ ವಿಧಾನ ಇನ್ನೂ ಎರಡು ಶತಮಾನ ಬದುಕಿತ್ತು. ÷ ಚಿಹ್ನೆಯನ್ನು ಭಾಗಾಕಾರಕ್ಕೆ ಅಚ್ಚಿನಲ್ಲಿ ಮೊದಲು ಬಳಸಿದವನು ಸ್ವಿಟ್ಜರ್ಲೆಂಡಿನ ಯೋಹಾನ್ ರಾನ್, 1659ರಲ್ಲಿ. ಲೈಬ್ನಿಜ್ 1684ರಲ್ಲಿ ಎರಡು ಚುಕ್ಕಿಗಳನ್ನು ಬಳಸಿದ.

ಗಣಕಯಂತ್ರಗಳಿಗೂ ಅಂದಾಜು ತಪ್ಪಲಿಲ್ಲ. 1950ರ ದಶಕದ ಕೊನೆಯಲ್ಲಿ ಸ್ವೀನಿ, ರಾಬರ್ಟ್‌ಸನ್, ಟೋಚರ್ ಬೇರೆಬೇರೆಯಾಗಿ ಕಂಡುಕೊಂಡ ವಿಧಾನದಲ್ಲಿ ಒಂದು ಹೆಜ್ಜೆಯ ಅಂದಾಜು ತುಸು ಹೆಚ್ಚಾದರೂ ಮುಂದಿನ ಹೆಜ್ಜೆ ಅದನ್ನು ಸರಿಪಡಿಸಿಕೊಳ್ಳುತ್ತದೆ. ಇಂಟೆಲ್ ಕಂಪನಿಯ ಪೆಂಟಿಯಮ್ ಚಿಪ್ಪು ಈ ಅಂದಾಜುಗಳನ್ನು ಕೋಷ್ಟಕವಾಗಿ ಒಳಗೇ ಇಟ್ಟುಕೊಂಡಿತ್ತು, ಅದರ ಐದು ಮನೆಗಳಲ್ಲಿ ಇರಬೇಕಾದ ಅಂಕಿ ಇರಲಿಲ್ಲ. 1994ರಲ್ಲಿ ಅವಿಭಾಜ್ಯ ಸಂಖ್ಯೆಗಳ ಮೇಲೆ ಕೆಲಸ ಮಾಡುತ್ತಿದ್ದ ಅಮೆರಿಕದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಉತ್ತರಗಳು ತಾಳೆಯಾಗದ್ದನ್ನು ಗಮನಿಸಿದರು. 4195835ನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕಾದಲ್ಲಿ ಆ ಚಿಪ್ಪು 1.33374 ಎನ್ನುತ್ತಿತ್ತು. ಚಿಪ್ಪುಗಳನ್ನು ಬದಲಿಸಿಕೊಡಲು ಕಂಪನಿ 47.5 ಕೋಟಿ ಡಾಲರನ್ನು ನಷ್ಟದ ಲೆಕ್ಕಕ್ಕೆ ಬರೆದುಕೊಂಡಿತು.